ನೌಕರಿಯ ಬಾಗಿಲಲ್ಲಿ ಧರ್ಮದ ಪ್ರಶ್ನೆ

ನಮ್ಮ ಸಮಾಜದ ಸಭೆ ಸಮಾರಂಭಗಳಲ್ಲಿ ಉದ್ಯೋಗದ ಮಾತು ಬಂದರೆ ಅದು ಮೀಸಲಾತಿಯ ಮಾತಾಗಿಯೇ ಮುಗಿಯುವುದು ವಾಡಿಕೆ. ನಾವು ಯಾವ ಪ್ರವರ್ಗದಲ್ಲಿದ್ದೇವೆ, ಯಾವುದರಲ್ಲಿರಬೇಕಾಗಿತ್ತು, ನಮ್ಮ ಪಾಲಿಗೆ ಶೇಕಡಾ ಎಷ್ಟು ಬರಬೇಕು ಎಂಬ ಲೆಕ್ಕಾಚಾರವು ಹಾವನೂರು ಆಯೋಗದ 1975ರ ವರದಿಯಿಂದ ಮೊದಲ್ಗೊಂಡು, ವೆಂಕಟಸ್ವಾಮಿ ಮತ್ತು ಚಿನ್ನಪ್ಪ ರೆಡ್ಡಿ ಆಯೋಗಗಳನ್ನು ದಾಟಿ, ಇಂದಿಗೂ ನಡೆದೇ ಇದೆ. 2023ರ ಮಾರ್ಚ್ ತಿಂಗಳಲ್ಲಿ ಅಂದಿನ ರಾಜ್ಯ ಸರ್ಕಾರವು ಮುಸ್ಲಿಮರ ಶೇಕಡಾ 4ರ ಪಾಲನ್ನು ತೆಗೆದು, ವೀರಶೈವ ಲಿಂಗಾಯತರಿಗೂ ಒಕ್ಕಲಿಗರಿಗೂ ಎರಡೆರಡರಂತೆ ಹಂಚಿ ಆದೇಶ ಹೊರಡಿಸಿದ್ದು, ಅದು ಸುಪ್ರೀಂ ಕೋರ್ಟಿನ ಮುಂದೆ ಹೋಗಿ ಜಾರಿಗೆ ಬಾರದೆ ನಿಂತದ್ದು ಓದುಗ ಬಂಧುಗಳಿಗೆ ನೆನಪಿರಬಹುದು. ಆ ಚರ್ಚೆ ಅನಾವಶ್ಯಕವೆಂದು ನಾವು ಹೇಳುವುದಿಲ್ಲ. ಆದರೆ ಮೀಸಲಾತಿಯೆಂಬುದು ಸರ್ಕಾರಿ ಹುದ್ದೆಯ ವಿಚಾರ. ನಮ್ಮ ಕಂಪ್ಲಿಯ ಮಕ್ಕಳಲ್ಲಿ ಸರ್ಕಾರಿ ಹುದ್ದೆ ಸೇರುವವರು ಬೆರಳೆಣಿಕೆಯವರು. ಉಳಿದವರಿಗೆ ಅಕ್ಕಿ ಗಿರಣಿ, ಅಂಗಡಿ, ಗಣಿ, ಕಾರ್ಖಾನೆ, ಬೆಂಗಳೂರಿನ ಕಂಪನಿಗಳೇ ಗತಿ. ಅಂತಹ ಬಾಗಿಲಲ್ಲಿ ನಿಂತ ಹುಡುಗನನ್ನು ಅವನ ಧರ್ಮ ಅಥವಾ ಕುಲದ ಕಾರಣದಿಂದಲೇ ಹಿಂದಕ್ಕೆ ಕಳುಹಿಸಿದರೆ ಕಾನೂನು ಅವನ ಕೈ ಹಿಡಿಯುವುದೇ? ಈ ಪ್ರಶ್ನೆಯನ್ನು ಯಾವ ಸಭೆಯಲ್ಲಿಯೂ ಯಾರೂ ಎತ್ತಿದ್ದನ್ನು ನಾವು ಕೇಳಿಲ್ಲ.

ನಾವಿಬ್ಬರೂ, ಪತಿ ಪತ್ನಿಯರು, ಕಂಪ್ಲಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ವಯಸ್ಸು ಕಳೆದವರು, ಕಾನೂನು ಓದಿದವರಲ್ಲ. ಆದರೂ ಈ ವಿಚಾರವನ್ನು ಕೆದಕಬೇಕಾದ ಪ್ರಸಂಗ ಒದಗಿತು. ಅದನ್ನು ಹೇಳುವ ಮುನ್ನ ನಮ್ಮ ಊರಿನ ಚರಿತ್ರೆಯನ್ನು ಸ್ವಲ್ಪ ನೆನೆಯುವುದು ಉಚಿತ. ಏಕೆಂದರೆ ನೌಕರಿಯ ನಿಯಮಗಳ ಮಟ್ಟಿಗೆ ಕಂಪ್ಲಿಯಷ್ಟು ವಿಚಿತ್ರ ಸ್ಥಾನದಲ್ಲಿದ್ದ ಊರುಗಳು ಕಡಿಮೆ.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ತುಂಗಭದ್ರೆಯೇ ಗಡಿಯಾಯಿತು. ಈ ದಡದ ಕಂಪ್ಲಿ ಮದರಾಸಿಗೆ, ಆ ದಡದ ಗಂಗಾವತಿ ಹೈದರಾಬಾದಿಗೆ. ಹರಿಗೋಲಿನಲ್ಲಿ ಕುಳಿತು ಹೊಳೆ ದಾಟಿದರೆ ರಾಜ್ಯವೇ ಬೇರೆ, ನೌಕರಿಯ ನಿಯಮವೂ ಬೇರೆ. ಈ ದಡಕ್ಕೆ ಅನ್ವಯಿಸಿದ 1833ರ ಚಾರ್ಟರ್ ಕಾಯಿದೆಯ 87ನೆಯ ಕಲಮಿನಲ್ಲಿ ಒಂದು ಅಪೂರ್ವವಾದ ಮಾತಿದೆ. ಈ ದೇಶದ ಯಾವ ನಿವಾಸಿಯನ್ನೂ ಕೇವಲ ಧರ್ಮ, ಹುಟ್ಟಿದ ಸ್ಥಳ, ವಂಶ ಅಥವಾ ಮೈಬಣ್ಣದ ಕಾರಣದಿಂದ ಕಂಪನಿಯ ಹುದ್ದೆಗೆ ಅನರ್ಹನೆಂದು ಎಣಿಸತಕ್ಕದ್ದಲ್ಲ ಎಂಬುದೇ ಅದರ ಸಾರ. ಉದ್ಯೋಗದಲ್ಲಿ ಜನಾಂಗ ಭೇದ, ಧರ್ಮ ಭೇದಗಳನ್ನು ನಿಷೇಧಿಸಿದ ಕಾನೂನು ಕಂಪ್ಲಿಯ ನೆಲವನ್ನು ಮುಟ್ಟಿದ್ದು ಬಹುಶಃ ಅದೇ ಮೊದಲು. ಕಾಗದದ ಮೇಲಿನ ಆ ಮಾತು ಕಚೇರಿಯ ಕುರ್ಚಿಯವರೆಗೆ ತಲುಪಲಿಲ್ಲವೆಂಬುದು ಬೇರೆ ವಿಷಯ. ಮುನಸೀಫನ ಹುದ್ದೆಯವರೆಗೆ ದೇಶೀಯರು ಏರಬಹುದಾಗಿತ್ತು, ಕಲೆಕ್ಟರನ ಕುರ್ಚಿಯ ಮೇಲೆ ಬಹುಕಾಲ ಬಿಳಿಯರೇ ಕುಳಿತಿದ್ದರು.

ಮುಂದೆ ಮದರಾಸಿನಲ್ಲಿ ಕೋಮುವಾರು ಸರ್ಕಾರಿ ಆದೇಶ ಬಂದಿತು. 1927ರ ಆದೇಶದಂತೆ ಪ್ರತಿ 12 ನೇಮಕಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 5, ಬ್ರಾಹ್ಮಣರಿಗೆ 2, ಮುಸಲ್ಮಾನರಿಗೆ 2, ಆಂಗ್ಲೋ ಇಂಡಿಯನ್ ಹಾಗೂ ಕ್ರೈಸ್ತರಿಗೆ 2, ದಲಿತ ವರ್ಗಗಳಿಗೆ 1 ಎಂದು ಸರದಿ ಕಟ್ಟಲಾಯಿತು. ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ಪ್ರಶ್ನೆಯೇ ಬೇರೆ: ನೀನು ಮುಲ್ಕಿಯೋ, ಹೊರಗಿನವನೋ? 1919ರ ಮುಲ್ಕಿ ನಿಯಮಗಳ ಪ್ರಕಾರ ಅಲ್ಲಿ ಹುಟ್ಟಿದವರು ಅಥವಾ 15 ವರ್ಷ ನೆಲೆಸಿದವರು ಮಾತ್ರ ನೌಕರಿಗೆ ಅರ್ಹರು. ಮೈಸೂರು ಸಂಸ್ಥಾನದಲ್ಲಿ 1918ರ ಮಿಲ್ಲರ್ ಸಮಿತಿಯು ಬ್ರಾಹ್ಮಣೇತರರಿಗೆ ಹೆಚ್ಚಿನ ಪಾಲು ದೊರೆಯುವಂತೆ ಶಿಫಾರಸು ಮಾಡಿತು. ಒಂದೇ ಕನ್ನಡ ನಾಡಿನ ಜನ, ಮೂರು ರಾಜ್ಯ, ಮೂರು ಬಗೆಯ ತಕ್ಕಡಿ.

1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಬಳ್ಳಾರಿ ಇನ್ನೂ ಮದರಾಸಿನಲ್ಲಿಯೇ ಇತ್ತು. 1951ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಎರಡು ಮದರಾಸು ಪ್ರಕರಣಗಳ ತೀರ್ಪು ಹೇಳಿತು. ಚಂಪಕಂ ದೊರೈರಾಜನ್ ಪ್ರಕರಣ ಕಾಲೇಜಿನ ಸೀಟಿನದು, ಅದನ್ನು ಎಲ್ಲರೂ ಬಲ್ಲರು. ಜೊತೆಯಲ್ಲಿಯೇ ಹುಟ್ಟಿದ ವೆಂಕಟರಮಣ ಪ್ರಕರಣ ಮುನಸೀಫ್ ಹುದ್ದೆಯದು, ಅದನ್ನು ನೆನೆಯುವವರು ವಿರಳ. ಹಿಂದುಳಿದ ವರ್ಗಗಳಿಗೆಂದು ಸ್ಥಾನ ಕಾದಿರಿಸಲು 16ನೆಯ ಅನುಚ್ಛೇದದಲ್ಲಿ ಅವಕಾಶವಿದೆ. ಆದರೆ ಉಳಿದವರನ್ನೆಲ್ಲ ಕೋಮಿನ ಹೆಸರಿನಲ್ಲಿ ಹಂಚಿ, ಒಬ್ಬ ಅಭ್ಯರ್ಥಿಯನ್ನು ಅವನ ಜಾತಿಯ ಕಾರಣದಿಂದಲೇ ಹೊರಗಿಡುವುದು ಸಲ್ಲದು ಎಂದು ಅಲ್ಲಿ ನಿರ್ಣಯವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, 1956ರಲ್ಲಿ ಹೊಳೆಯ ಎರಡೂ ದಡಗಳು ಒಂದೇ ರಾಜ್ಯಕ್ಕೆ ಬಂದವು.

ಆ 16ನೆಯ ಅನುಚ್ಛೇದದ ಎರಡನೆಯ ಖಂಡವನ್ನು ಮನೆಯ ಮಕ್ಕಳಿಗೆ ಒಮ್ಮೆಯಾದರೂ ಓದಿಸಬೇಕು. ಧರ್ಮ, ಮೂಲವಂಶ, ಜಾತಿ, ಲಿಂಗ, ವಂಶಾನುಗತಿ, ಹುಟ್ಟಿದ ಸ್ಥಳ, ವಾಸಸ್ಥಳ ಎಂಬ ಏಳು ಕಾರಣಗಳಿಂದ ಯಾವ ನಾಗರಿಕನನ್ನೂ ಹುದ್ದೆಗೆ ಅನರ್ಹನನ್ನಾಗಿ ಮಾಡುವಂತಿಲ್ಲ. ಎಷ್ಟು ಸ್ಪಷ್ಟವಾದ ಮಾತು! ಆದರೆ ಅದೇ ವಾಕ್ಯದಲ್ಲಿ ಇನ್ನೊಂದು ಪದ ಅಡಗಿದೆ. ಈ ಅಭಯವು 'ರಾಜ್ಯದ ಅಧೀನದಲ್ಲಿರುವ' ಹುದ್ದೆಗೆ ಮಾತ್ರ. ನಮ್ಮ ಕಣ್ಣಿಗೆ ಆ ಪದ ಬಿದ್ದದ್ದು ಇಬ್ಬರು ಹುಡುಗರ ದೆಸೆಯಿಂದ.

ಒಬ್ಬನು ನಮ್ಮ ತಂಗಿಯ ಮೊಮ್ಮಗ. ಇನ್ನೊಬ್ಬನು ಅದೇ ಓಣಿಯ ಮುಸಲ್ಮಾನ ಕುಟುಂಬದವನು, ಅವನ ತಂದೆ ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್. ಇಬ್ಬರೂ ನಮ್ಮ ಮನೆಯ ಪಡಸಾಲೆಯಲ್ಲಿ ಗಣಿತ ಕಲಿತವರು, ಒಟ್ಟಿಗೆ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವರು. ಅಂಕಗಳಲ್ಲಿ ಫಿಟ್ಟರನ ಮಗನೇ ಮುಂದು. ದೂರದ ಜಿಲ್ಲೆಯ ಒಂದು ಕಾರ್ಖಾನೆಗೆ ಆಳುಗಳನ್ನು ಒದಗಿಸುವ ಗುತ್ತಿಗೆದಾರನ ಬಳಿಗೆ ಇಬ್ಬರೂ ಒಂದೇ ದಿನ ಹೋದರು. ನಮ್ಮವನಿಗೆ ಆದೇಶ ಬಂದಿತು, ಅವನ ಗೆಳೆಯನಿಗೆ ಬರಲಿಲ್ಲ. ಅಷ್ಟೇ ಆಗಿದ್ದರೆ ಹೇಳುವಂಥದ್ದೇನೂ ಇರಲಿಲ್ಲ. ನೇಮಕವೆಂದ ಮೇಲೆ ಒಬ್ಬರಿಗೆ ಆಗುತ್ತದೆ, ಒಬ್ಬರಿಗೆ ಇಲ್ಲ. ಆದರೆ ಕಾಗದಗಳಿಗೆ ಸಹಿ ಹಾಕಲು ನಮ್ಮ ಹುಡುಗ ಮತ್ತೊಮ್ಮೆ ಹೋದಾಗ, ಗೆಳೆಯನ ವಿಚಾರ ಕೇಳಿದ್ದಕ್ಕೆ, ಅಲ್ಲಿಯವನು ಮುಚ್ಚುಮರೆಯಿಲ್ಲದೆ ಹೇಳಿದನಂತೆ: "ಆ ಹೆಸರಿನವ್ರನ್ನ ಈ ಸಲ ತಗೊಳ್ಳೋದು ಬ್ಯಾಡ ಅಂತ ಮ್ಯಾಲಿಂದ ಹೇಳ್ಯಾರ."

ಹುಡುಗ ಅದನ್ನು ಗೆಳೆಯನಿಂದ ಮುಚ್ಚಿಡಲಿಲ್ಲ. ಇಬ್ಬರೂ ಒಂದು ಸಂಜೆ ಬಂದು ನಮ್ಮ ಮುಂದೆ ಕುಳಿತರು. ಫಿಟ್ಟರನ ಮಗ ಕೋಪ ಮಾಡಿಕೊಂಡಿರಲಿಲ್ಲ. "ಸರ್, ಇದಕ್ಕೆ ಕಾನೂನು ಅಂತ ಏನಾದ್ರೂ ಐತೇನ್ರಿ?" ಎಂದಷ್ಟೇ ಕೇಳಿದ. ಇದ್ದೇ ಇರಬೇಕೆಂಬುದು ನಮ್ಮಿಬ್ಬರ ಎಣಿಕೆಯಾಗಿತ್ತು. ಪರಿಚಯದ ವಕೀಲರೊಬ್ಬರ ನೆರವಿನಿಂದ ಹುಡುಕುತ್ತ ಹೋದಂತೆ ಎಣಿಕೆ ಸಡಿಲವಾಯಿತು.

15ನೆಯ ಅನುಚ್ಛೇದವು ಅಂಗಡಿ, ಹೋಟೆಲು, ಬಾವಿ, ಕೆರೆಗಳ ಪ್ರವೇಶದಲ್ಲಿ ಖಾಸಗಿಯವರೂ ಭೇದ ಮಾಡಬಾರದೆನ್ನುತ್ತದೆ, ಉದ್ಯೋಗದ ಹೆಸರೆತ್ತುವುದಿಲ್ಲ. ಅಂದರೆ ಹೋಟೆಲಿನವನು ಧರ್ಮ ಕೇಳಿ ಚಹಾ ನಿರಾಕರಿಸುವಂತಿಲ್ಲ. ಅದೇ ಹೋಟೆಲಿನಲ್ಲಿ ಚಹಾ ಕೊಡುವ ಕೆಲಸವನ್ನು ಧರ್ಮ ಕೇಳಿ ನಿರಾಕರಿಸಿದರೆ ಈ ಅನುಚ್ಛೇದಕ್ಕೆ ಬಾಯಿಲ್ಲ. ಅಸ್ಪೃಶ್ಯತೆಯ ಮಟ್ಟಿಗೆ ಕಾನೂನು ಖಾಸಗಿಯವರನ್ನೂ ಬಿಟ್ಟಿಲ್ಲವೆಂಬುದು ಸಮಾಧಾನದ ಸಂಗತಿ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆಯ 4ನೆಯ ಕಲಮು ಅಸ್ಪೃಶ್ಯತೆಯ ಕಾರಣದಿಂದ ವೃತ್ತಿ, ವ್ಯಾಪಾರ, ಕೆಲಸಗಳಿಗೆ ಅಡ್ಡಿ ಮಾಡುವುದನ್ನು ಅಪರಾಧವೆನ್ನುತ್ತದೆ. ನೊಂದವನು ಪರಿಶಿಷ್ಟ ಜಾತಿಯವನಾಗಿದ್ದರೆ, ಆ ಕೃತ್ಯ ಅಸ್ಪೃಶ್ಯತೆಯಿಂದಲೇ ನಡೆದದ್ದೆಂದು ನ್ಯಾಯಾಲಯ ಮೊದಲೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಭಾರ ಆರೋಪಿಯದು ಎಂದು 12ನೆಯ ಕಲಮು ವಿಧಿಸುತ್ತದೆ. ಈ ಕಲಮಿನ ಬೆಲೆ ನಮಗೆ ತಡವಾಗಿ ತಿಳಿಯಿತು. ಕೆಲಸ ಕೊಡದವನು 'ನಿನ್ನ ಜಾತಿಗಾಗಿ ಕೊಡಲಿಲ್ಲ' ಎಂದು ಬರೆದುಕೊಡುತ್ತಾನೆಯೇ? ಮನಸ್ಸಿನೊಳಗಿನ ಕಾರಣವನ್ನು ಹೊರಗೆ ನಿಂತ ಬಡವ ಸಾಬೀತುಪಡಿಸುವುದು ಹೇಗೆ? ಆದರೆ ಫಿಟ್ಟರನ ಮಗನಿಗೆ ಈ ಕಾಯಿದೆ ಒದಗುವುದಿಲ್ಲ. ನಮ್ಮ ಹುಡುಗನಿಗೆ ನಾಳೆ ಹೀಗಾದರೆ ಅವನಿಗೂ ಒದಗುವುದಿಲ್ಲ.

ಬರೆದುಕೊಟ್ಟ ಪ್ರಸಂಗವೂ ಒಂದಿದೆ. 2015ರಲ್ಲಿ ಮುಂಬಯಿಯ ಒಂದು ವಜ್ರ ರಫ್ತು ಸಂಸ್ಥೆಯು ಎಂ.ಬಿ.ಎ. ಓದಿದ ಯುವಕನೊಬ್ಬನಿಗೆ, ತಾವು ಮುಸ್ಲಿಮೇತರರನ್ನು ಮಾತ್ರ ತೆಗೆದುಕೊಳ್ಳುವುದಾಗಿ ಇ-ಮೇಲ್ ಮೂಲಕವೇ ಉತ್ತರಿಸಿತು. ದೇಶವೆಲ್ಲ ಗದ್ದಲವಾಯಿತು. ಪೊಲೀಸರು ಮೊಕದ್ದಮೆ ಹೂಡಿದ್ದು ಮಾತ್ರ ಉದ್ಯೋಗದ ಕಾನೂನಿನಡಿಯಲ್ಲಲ್ಲ. ರಾಷ್ಟ್ರೀಯ ಐಕ್ಯಕ್ಕೆ ಭಂಗ ತರುವ ಹೇಳಿಕೆಗಳನ್ನು ಕುರಿತ ದಂಡ ಸಂಹಿತೆಯ 153ಬಿ ಕಲಮಿನಡಿ. ಬೇರೆ ಕಲಮು ಇರಲಿಲ್ಲ. ಬಾಗಿಲಿಗೆ ಬೀಗವಿಲ್ಲದ ಮನೆಯವರು ಕಿಟಕಿಯ ಚಿಲಕ ಹಾಕಿದಂತೆ. ಆ ಸಂಸ್ಥೆ ಬಾಯಿಮಾತಿನಲ್ಲಿ ಹೇಳಿದ್ದರೆ ಅಷ್ಟೂ ಇರುತ್ತಿರಲಿಲ್ಲ.

ಬಾಯಿ ಬಿಡದೆಯೂ ಇದು ನಡೆಯುತ್ತದೆಂಬುದಕ್ಕೆ ಸುಖದೇವ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಅವರು ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗದ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಕಳುಹಿಸಿದರು. ಬೇರೆಯಾಗಿದ್ದದ್ದು ಹೆಸರು ಮಾತ್ರ. ಮೇಲ್ಜಾತಿಯ ಹಿಂದೂ ಹೆಸರಿಗೆ ಕರೆ ಬರುವ ಸಂಭವಕ್ಕೆ ಹೋಲಿಸಿದರೆ ದಲಿತ ಹೆಸರಿಗೆ ಅದರ ಸುಮಾರು ಮೂರರಲ್ಲೆರಡು ಪಾಲು, ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಇತ್ತು. ಇನ್ನೂ ಮುಖವನ್ನೇ ನೋಡಿರಲಿಲ್ಲ, ಮಾತನ್ನೇ ಕೇಳಿರಲಿಲ್ಲ.

ನಮ್ಮ ಸಂಸತ್ತಿಗೆ ಇಂತಹ ಕಾನೂನು ಮಾಡಲು ಬರುವುದಿಲ್ಲವೆಂದಲ್ಲ. ಎಚ್.ಐ.ವಿ. ಸೋಂಕಿತರನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು 2017ರ ಕಾಯಿದೆ ಖಾಸಗಿಯವರಿಗೂ ನಿಷೇಧಿಸಿದೆ. ಲಿಂಗಪರಿವರ್ತಿತರ ವಿಷಯದಲ್ಲಿ 2019ರ ಕಾಯಿದೆ ಅದನ್ನೇ ಹೇಳಿದೆ. ಧರ್ಮ, ಜನಾಂಗಗಳ ಮಾತು ಬಂದಾಗ ಮಾತ್ರ ಲೇಖನಿ ನಿಂತುಬಿಡುತ್ತದೆ. ಉದ್ಯೋಗದಲ್ಲಿ ಭೇದ ಮಾಡಬಾರದೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 111ನೆಯ ಒಡಂಬಡಿಕೆಯನ್ನು ಭಾರತ 1960ರಲ್ಲಿಯೇ ಒಪ್ಪಿಕೊಂಡಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದ ಎನ್.ಆರ್. ಮಾಧವ ಮೆನನ್ ಅವರ ಅಧ್ಯಕ್ಷತೆಯ ತಜ್ಞರ ತಂಡವು ಸಮಾನ ಅವಕಾಶ ಆಯೋಗವೊಂದು ಬೇಕೆಂದು 2008ರಲ್ಲಿ ವರದಿ ಕೊಟ್ಟಿತು, ಆಯೋಗ ಹುಟ್ಟಲಿಲ್ಲ. ಶಶಿ ತರೂರ್ ಅವರು ಲೋಕಸಭೆಯಲ್ಲಿ ಮಂಡಿಸಿದ ತಾರತಮ್ಯ ವಿರೋಧಿ ಖಾಸಗಿ ಮಸೂದೆಯು 2019ರಲ್ಲಿ ಆ ಲೋಕಸಭೆಯ ಅವಧಿಯೊಡನೆಯೇ ಬಿದ್ದುಹೋಯಿತು. 2024ರ ಜುಲೈನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟವು ಖಾಸಗಿ ಕಾರ್ಖಾನೆಗಳಲ್ಲಿ ಸ್ಥಳೀಯರಿಗೆ ಹುದ್ದೆ ಕಾದಿರಿಸುವ ಮಸೂದೆಗೆ ಒಪ್ಪಿಗೆಯಿತ್ತು, ಉದ್ಯಮಿಗಳ ಗದ್ದಲಕ್ಕೆ ಎರಡೇ ದಿನದಲ್ಲಿ ತಡೆಹಿಡಿಯಿತು. 'ನಮ್ಮವರನ್ನು ತೆಗೆದುಕೊಳ್ಳಿ' ಎಂದು ಖಾಸಗಿಯವರಿಗೆ ಹೇಳಲು ಹೊರಟವರು, 'ಯಾರನ್ನೂ ಹೆಸರು ನೋಡಿ ಬಿಡಬೇಡಿ' ಎಂದು ಹೇಳುವುದನ್ನು ಮರೆಯುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಸುಲಭವೆಂಬುದು ನಮ್ಮ ಅಭಿಪ್ರಾಯ.

ಹೊರದೇಶಗಳಲ್ಲಿರುವ ನಮ್ಮ ಮಕ್ಕಳು ಈ ರಕ್ಷಣೆಯನ್ನು ಅನುಭವಿಸುತ್ತಿದ್ದಾರೆ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಏಳನೆಯ ಭಾಗವು 15 ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ಕೆಲಸ ಕೊಟ್ಟ ಖಾಸಗಿಯವರನ್ನೂ ಕಟ್ಟಿಹಾಕುತ್ತದೆ. ಬ್ರಿಟನ್ನಿನಲ್ಲಿ ಜನಾಂಗ ಭೇದದ ಮೊದಲ ಕಾಯಿದೆ 1965ರಲ್ಲಿ ಬಂದರೂ ಉದ್ಯೋಗವನ್ನು ಅದು ಮುಟ್ಟಿದ್ದು 1968ರಲ್ಲಿ. ಧರ್ಮದ ಹೆಸರು ಉದ್ಯೋಗದ ನಿಯಮಗಳೊಳಗೆ ಬಂದದ್ದು 2003ರಷ್ಟು ತಡವಾಗಿ. ಈಗ ಅಲ್ಲಿಗೆ ಜಾತಿಯ ಪ್ರಶ್ನೆಯೂ ತಲುಪಿದೆ. 2023ರಲ್ಲಿ ಸಿಯಾಟಲ್ ನಗರ ಜಾತಿಭೇದವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಮಸೂದೆಗೆ ರಾಜ್ಯಪಾಲರು ಅಂಕಿತ ಹಾಕಲಿಲ್ಲ. ಮೈಬಣ್ಣದ ಭೇದದಿಂದ ರಕ್ಷಣೆ ಬೇಡುವ ಭಾರತೀಯರಲ್ಲಿ ಕೆಲವರು ಜಾತಿಭೇದದ ನಿಷೇಧಕ್ಕೆ ಮಾತ್ರ ಅಡ್ಡಬಂದದ್ದು ನಮಗೆ ಸೊಗಸಾಗಿ ಕಾಣಲಿಲ್ಲ.

ಲಿಂಗಧಾರಿಗಳಾದ ನಮಗೆ ಹತ್ತಿರವಾಗುವ ಇನ್ನೊಂದು ವಿಷಯವಿದೆ. ಕೆಲಸಕ್ಕೆ ಸೇರಿದ ವಾರದಲ್ಲಿಯೇ ನಮ್ಮ ಹುಡುಗನಿಗೆ, ಕೊರಳ ಕರಡಿಗೆಯನ್ನು ತೆಗೆದಿಟ್ಟು ಬಾ ಎಂದರಂತೆ. ತಿರುಗುವ ಯಂತ್ರದ ಬಳಿ ಜೋಲಾಡುವ ವಸ್ತು ಅಪಾಯವೆಂಬುದು ನಿಜ. 1948ರ ಕಾರ್ಖಾನೆ ಕಾಯಿದೆಯ ಕಾಲದಿಂದಲೂ ಅಲ್ಲಿ ಬಿಗಿಯಾದ ಉಡುಪಿನ ವಿಧಿಯಿದೆ. ಹುಡುಗ ಜಗಳವಾಡಲಿಲ್ಲ. ಎದೆಗೆ ಬಟ್ಟೆಯಲ್ಲಿ ಬಿಗಿದು ಕಟ್ಟಿ, ಮೇಲೆ ಅಂಗಿ ತೊಟ್ಟು ತೋರಿಸಿದ. ಮೇಲ್ವಿಚಾರಕರು ಒಪ್ಪಿದರು. ಇಂಥದೇ ಎರಡು ಪ್ರಕರಣಗಳನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರ ಜನವರಿಯಲ್ಲಿ ಒಟ್ಟಿಗೆ ತೀರ್ಮಾನಿಸಿತು. ಬ್ರಿಟಿಷ್ ಏರ್‌ವೇಸ್‌ನ ನಾಡಿಯಾ ಎವೀಡಾ ತಮ್ಮ ಕೊರಳಲ್ಲಿ ಸಣ್ಣ ಶಿಲುಬೆಯನ್ನು ಕಾಣುವಂತೆ ಧರಿಸುವ ಹಕ್ಕನ್ನು ಗೆದ್ದರು. ಆಸ್ಪತ್ರೆಯ ದಾದಿ ಶರ್ಲಿ ಚಾಪ್ಲಿನ್, ರೋಗಿಗಳ ಸುರಕ್ಷತೆಯ ಕಾರಣದಿಂದ ಸೋತರು. ಅಂದಚಂದದ ನೆಪಕ್ಕೆ ಧರ್ಮ ಬಾಗಬೇಕಿಲ್ಲ, ಜೀವದ ಅಪಾಯಕ್ಕೆ ಬಾಗಬೇಕು ಎಂಬ ಈ ವಿವೇಚನೆ ನಮಗೆ ಮೆಚ್ಚುಗೆಯಾಯಿತು. ಆದರೆ ಆ ಮೇಲ್ವಿಚಾರಕರು ಒಪ್ಪದಿದ್ದರೆ? ಹುಡುಗ ಗುತ್ತಿಗೆಯ ಆಳು. ಅವನ ಎದೆಯ ಮೇಲಿನ ಲಿಂಗ ಉಳಿದದ್ದು ಒಬ್ಬ ಸಜ್ಜನರ ಒಳ್ಳೆಯತನದಿಂದ, ಹಕ್ಕಿನಿಂದಲ್ಲ. ಗೆಳೆಯನಿಗೆ ಇಲ್ಲದ ಕಾನೂನು ತನಗೂ ಇಲ್ಲವೆಂಬುದು ಅವನಿಗೆ ಅಂದು ಅರ್ಥವಾಯಿತು.

ನಮ್ಮ ಸಮಾಜದವರು ಉದ್ಯೋಗ ಬೇಡುವವರು ಮಾತ್ರವಲ್ಲ, ಕೊಡುವವರೂ ಹೌದು. ಗಿರಣಿ, ಅಂಗಡಿ, ಆಸ್ಪತ್ರೆ, ಕಾಲೇಜುಗಳು ನಮ್ಮವರ ಕೈಯಲ್ಲಿವೆ. ಧರ್ಮಸಂಸ್ಥೆಯ ಪದಾಧಿಕಾರಿ ಆ ಧರ್ಮದವನೇ ಆಗಿರಬೇಕೆಂಬ ನಿಯಮಕ್ಕೆ ಸಂವಿಧಾನದ 16ನೆಯ ಅನುಚ್ಛೇದದ ಐದನೆಯ ಖಂಡ ಅವಕಾಶ ಕೊಡುತ್ತದೆ. ಮಠದ ಪೂಜೆಗೆ ಅದು ಸರಿ. ಲೆಕ್ಕ ಬರೆಯುವ ಗುಮಾಸ್ತನಿಗೆ, ಭೌತಶಾಸ್ತ್ರ ಬೋಧಿಸುವ ಉಪನ್ಯಾಸಕನಿಗೆ ಅದನ್ನೇ ಎಳೆಯುವುದು ಹೇಗೆ? 'ನಮ್ಮ ಹುಡುಗನೇನು?' ಎಂಬ ಪ್ರಶ್ನೆ ಸಂದರ್ಶನದ ಕೊಠಡಿಯಲ್ಲಿ ಎಷ್ಟು ಸಹಜವಾಗಿ ಹುಟ್ಟುತ್ತದೆಂಬುದನ್ನು ಬಲ್ಲವರು ಬಲ್ಲರು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಎಂದು ಕಾಯಕವನ್ನೇ ಹೆಸರಾಗಿ ಹೊತ್ತವರ ಪರಂಪರೆಯವರು ಈ ಕಾನೂನನ್ನು ಕೇಳಿದರೆ, ಅದು ಮೊದಲು ತಮ್ಮ ಕಚೇರಿಯ ಬಾಗಿಲಿಗೂ ಅನ್ವಯಿಸುವುದೆಂದು ತಿಳಿದೇ ಕೇಳಬೇಕು.

ಇನ್ನು ಆ ಹುಡುಗರ ವಿಷಯ. ರಾಜ್ಯ ಅಲ್ಪಸಂಖ್ಯಾತರ ಆಯೋಗವು 1994ರ ಕಾಯಿದೆಯಡಿ ದೂರುಗಳನ್ನು ವಿಚಾರಿಸಬಲ್ಲದು, ಅಲ್ಲಿಗೆ ಅರ್ಜಿ ಬರೆಯಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ಉಚಿತ ಸಲಹೆ ದೊರೆಯುತ್ತದೆ ಎಂದು ವಕೀಲರು ತಿಳಿಸಿದರು. ಅರ್ಜಿಗೆ ಸಾಕ್ಷಿ ಬೇಕು. ಸಾಕ್ಷಿಯೆಂದರೆ ನಮ್ಮ ಹುಡುಗನ ಕಿವಿ ಮಾತ್ರ. "ತಾತಾ, ನಾನು ಬರೆದುಕೊಟ್ರೆ ನನ್ನ ನೌಕರಿ ಉಳೀತೈತೇನು?" ಎಂದು ಕೇಳಿದ. ಸಾಕ್ಷಿ ನುಡಿದವನ ಮೇಲೆ ಮಾಲೀಕನು ಹಗೆ ಸಾಧಿಸಬಾರದೆಂದು ಅಮೆರಿಕ, ಬ್ರಿಟನ್ನುಗಳ ಕಾಯಿದೆಗಳಲ್ಲಿ ಪ್ರತ್ಯೇಕ ಕಲಮುಗಳಿವೆ. ಮೂಲ ಕಾಯಿದೆಯೇ ಇಲ್ಲದ ಕಡೆ ಅಂತಹ ಕಲಮು ಎಲ್ಲಿಂದ ಬರಬೇಕು? ಉಳಿಯುತ್ತದೆಂಬ ಭರವಸೆ ನಾವು ಕೊಡಲಾರೆವು ಎಂದು ಇದ್ದದ್ದನ್ನು ಇದ್ದಂತೆಯೇ ಹೇಳಿದೆವು. ಅವನ ತಾಯಿ ನಮ್ಮ ಮುಂದೆಯೇ ಕಣ್ಣೀರು ತೆಗೆದಳು. "ಮಾವಾರೆ, ಇವನ ತಂಗಿ ಮದುವೆ ಮುಂದೈತಿ, ಸಾಲ ಐತಿ. ಊರ ಮಂದಿ ನ್ಯಾಯ ಎಲ್ಲಾ ಇವನ ತಲಿ ಮ್ಯಾಲೆ ಯಾಕ್ರಿ?" ಎಂದಳು. ಆಕೆಯ ಮಾತು ಸುಳ್ಳೆಂದು ನಾವು ಹೇಳಲಾಗಲಿಲ್ಲ.

ಎರಡು ದಿನ ಬಿಟ್ಟು ಹುಡುಗ ಬಂದ. ಅಂದು ಕೇಳಿದ ಮಾತು, ದಿನಾಂಕ, ಹೊತ್ತು, ಹೇಳಿದವನ ಹುದ್ದೆ ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದು, ಸಹಿ ಹಾಕಿ, ನಮ್ಮೆದುರೇ ಗೆಳೆಯನ ಕೈಗೆ ಕೊಟ್ಟ. ತಾಯಿಗೆ ತಿಳಿಸಿಯೇ ಕೊಟ್ಟನೆಂದು ಹೇಳಿದ. ಫಿಟ್ಟರನ ಮಗ ಅದನ್ನು ಓದಿ ನಾಲ್ಕಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡ. ಆಯೋಗಕ್ಕೆ ತನ್ನ ಅರ್ಜಿಯನ್ನು ಕಳುಹಿಸಿದ್ದಾನೆ, ತಲುಪಿದ್ದಕ್ಕೆ ಸ್ವೀಕೃತಿಯೂ ಬಂದಿದೆ. ಆ ಹಾಳೆಯನ್ನು ಮಾತ್ರ ಅರ್ಜಿಯ ಜೊತೆ ಲಗತ್ತಿಸಿಲ್ಲ. ಗೆಳೆಯನಿಗೆ ಕಾಯಂ ಆದೇಶ ಬರುವವರೆಗೆ ಕಳುಹಿಸುವುದಿಲ್ಲವೆಂದು ನಮಗೆ ತಿಳಿಸಿದ್ದಾನೆ. ಈಗ ಸದ್ಯಕ್ಕೆ ಗಂಗಾವತಿಯಲ್ಲಿ, ಗಿರಣಿ ಯಂತ್ರಗಳನ್ನು ದುರಸ್ತಿ ಮಾಡುವ ಸಣ್ಣ ಕಾರ್ಯಾಗಾರದಲ್ಲಿ ದಿನಗೂಲಿಗೆ ಇದ್ದಾನೆ. ಅಣೆಕಟ್ಟಿನಿಂದ ನೀರು ಬಿಟ್ಟು ಸೇತುವೆ ಮುಳುಗಿದ ದಿನಗಳಲ್ಲಿ ಅವನಿಗೆ ಆ ಕೂಲಿಯೂ ತಪ್ಪುತ್ತದೆ.